ನೂರೈವತ್ತು ರೂಪಾಯಿಗೆ ನಿಂತ ಸವಾಲು: 1854ರಲ್ಲಿ ಮುಲ್ಕ ಮೈದಾನ ತೋಪು ಹರಾಜಿಗೆ ಬಂದ ಪ್ರಕರಣ

1854ರಲ್ಲಿ ಸಾತಾರಾದ ಕಮಿಷನರರು ಬಿಜಾಪುರದ ಅಸಿಸ್ಟೆಂಟ್ ಕಮಿಷನರರಿಗೆ ಒಂದು ಆದೇಶ ಕಳುಹಿಸಿದರು. ಊರಿನಲ್ಲಿ ಅಲ್ಲಲ್ಲಿ ಬಿದ್ದಿರುವ ಹಳೆಯ, ಉಪಯೋಗಕ್ಕೆ ಬಾರದ ಸರಕಾರಿ ಸಾಮಾನುಗಳನ್ನೆಲ್ಲ ಮಾರಿಬಿಡಬೇಕು ಎಂಬುದು ಅದರ ತಾತ್ಪರ್ಯ. ಹಾಗೆ ಲಿಲಾವಿಗೆ ಇಟ್ಟ ಸಾಮಾನುಗಳಲ್ಲಿ ನಗರದ ಪಶ್ಚಿಮ ಕೋಟೆಗೋಡೆಯ ಶೇರ್ಜಾ ಬುರುಜಿನ ಮೇಲಿದ್ದ ಮುಲ್ಕ ಮೈದಾನ ತೋಪೂ ಸೇರಿತ್ತು. ಸವಾಲು ಕೂಗಲಾಯಿತು. ಬಂದ ಅತಿ ಹೆಚ್ಚಿನ ಬೆಲೆ 150 ರೂಪಾಯಿ. ಊರಿನ ಮಾಮಲೇದಾರರು ಆ ಸವಾಲನ್ನು ಅಲ್ಲಿಗೇ ಖಾಯಂ ಮಾಡದೆ, ತೋಪಿನ ಯೋಗ್ಯತೆಗೆ ಈ ಮೊತ್ತ ತೀರ ಅಲ್ಪವೆಂದೂ ಜನ ಇದನ್ನು ಭಕ್ತಿಯಿಂದ ಕಾಣುತ್ತಾರೆಂದೂ ಮೇಲಧಿಕಾರಿಗೆ ವರದಿ ಮಾಡಿದರು; ಅಸಿಸ್ಟೆಂಟ್ ಕಮಿಷನರರು ಮಾರಾಟವನ್ನು ರದ್ದುಗೊಳಿಸಿದರು. ಇಂದು ಮಲಿಕ್-ಎ-ಮೈದಾನ್ ಎಂಬ ಹೆಸರಿನಲ್ಲಿ ದೇಶದ ಪ್ರವಾಸಿಗರೆಲ್ಲ ಬಂದು ನೋಡುವ, ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಈ ತೋಪು ವಿಜಯಪುರದಲ್ಲಿ ಉಳಿದುಕೊಂಡದ್ದು ಹೀಗೆ.

ಗೋಳಗುಮ್ಮಟಕ್ಕೆ ಬರುವ ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳು ಬಹುತೇಕ ಶೇರ್ಜಾ ಬುರುಜಿಗೂ ಹೋಗುತ್ತವೆ. ಮಕ್ಕಳಿಗೆ ಅಲ್ಲಿ ತೋಪಿನ ತೂಕ, ಉದ್ದ ಮತ್ತು ತಾಳಿಕೋಟೆ ಯುದ್ಧದ ಕಥೆ ಸಿಗುತ್ತದೆ. ಹರಾಜಿನ ಸಂಗತಿ ಬಂದರೂ ಅದು ಒಂದು ಸೋಜಿಗದ ಉಪಕಥೆಯಾಗಿ ಬಂದುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಈ ತೋಪಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ವಿಚಾರಿಸಬೇಕಾದ ಘಟನೆ ಇದೇ. ಮೂರು ಶತಮಾನಗಳ ಯುದ್ಧಗಳನ್ನು ದಾಟಿ ಬಂದ ವಸ್ತುವೊಂದು ಶಾಂತಿಯ ಕಾಲದಲ್ಲಿ, ಯಾರ ದ್ವೇಷಕ್ಕೂ ಗುರಿಯಾಗದೆ, ಕೇವಲ ಕಚೇರಿಯ ದಿನನಿತ್ಯದ ಕಾರ್ಯಕ್ರಮದ ಭಾಗವಾಗಿ ಇಲ್ಲವಾಗಲಿದ್ದ ಸಂದರ್ಭ ಇದು. ತೋಪು ಹರಾಜಿಗೆ ಏಕೆ ಬಂತು, ಬೆಲೆ ಏಕೆ ಅಷ್ಟು ಕೆಳಗೆ ನಿಂತಿತು, ತಡೆದದ್ದು ಯಾವ ಸಂಗತಿ ಎಂಬುದನ್ನು ಇಲ್ಲಿ ಕ್ರಮವಾಗಿ ನೋಡಲಾಗಿದೆ.

ತೋಪು ಬಿಜಾಪುರಕ್ಕೆ ಬಂದ ಬಗೆ

ಮುಲ್ಕ ಮೈದಾನ ಆದಿಲ್‌ಶಾಹಿಗಳ ಸೃಷ್ಟಿಯಲ್ಲ. ಅದರ ಮೈಮೇಲಿನ ಶಾಸನಗಳಲ್ಲಿ ಒಂದು, ಎರಕ ಹೊಯ್ದವನು ಮಹಮ್ಮದ್ ಬಿನ್ ಹುಸೇನ್ ರೂಮಿ ಎಂದು ಹೇಳುತ್ತದೆ. ಇನ್ನೊಂದರಲ್ಲಿ ತನ್ನನ್ನು ಪ್ರವಾದಿಯ ಮನೆತನದ ಸೇವಕನೆಂದು ಕರೆದುಕೊಂಡ ನಿಜಾಮ್ ಶಾಹನ ಹೆಸರೂ ಹಿಜರಿ 956ನೆಯ ವರ್ಷವೂ ಇವೆ. ಅಂದರೆ ಕ್ರಿ.ಶ. 1549, ಅಹಮದನಗರದಲ್ಲಿ ಒಂದನೆಯ ಬುರ್ಹಾನ್ ನಿಜಾಮ್ ಶಾಹ ಆಳುತ್ತಿದ್ದ ಕಾಲ. 1565ರ ಜನವರಿಯಲ್ಲಿ ಕೃಷ್ಣೆಯ ದಡದಲ್ಲಿ, ರಕ್ಕಸಗಿ ಮತ್ತು ತಂಗಡಗಿಗಳ ಸೀಮೆಯಲ್ಲಿ ವಿಜಯನಗರದ ಸೈನ್ಯ ಸೋತ ಯುದ್ಧದಲ್ಲಿ ನಿಜಾಮ್‌ಶಾಹಿ ತೋಪಖಾನೆಯ ಪಾತ್ರ ದೊಡ್ಡದಾಗಿತ್ತು. ಈ ತೋಪೂ ಅಲ್ಲಿ ಮೊಳಗಿತೆಂಬುದು ನಮ್ಮ ಭಾಗದಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಆಮೇಲೆ ಅದು ಪರಾಂಡಾ ಕೋಟೆಯಲ್ಲಿತ್ತು. 1632ರಲ್ಲಿ, ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, ಮುರಾರಿ ಪಂಡಿತನು ಅದನ್ನು ಅಲ್ಲಿಂದ ಬಿಜಾಪುರಕ್ಕೆ ತಂದನು. ಹತ್ತು ಆನೆ, ನಾನೂರು ಎತ್ತು ಹೂಡಿ ಎಳೆಸಿದರೆಂದೂ, ಇದರ ಜೊತೆಯ ಕಡಕ್ ಬಿಜಲಿ ಎಂಬ ತೋಪು ಹೊಳೆ ದಾಟುವಾಗ ಮುಳುಗಿತೆಂದೂ ಪ್ರತೀತಿಯಿದೆ. ಎಣಿಕೆ ಏನೇ ಇರಲಿ, ಬಯಲುಸೀಮೆಯ ಕರಿಯ ಎರೆಮಣ್ಣಿನಲ್ಲಿ ಈ ಭಾರವನ್ನು ಎಳೆದು ತರುವುದು ಒಂದು ರಾಜ್ಯದ ಸಮಸ್ತ ಸಾಮರ್ಥ್ಯವನ್ನು ಬೇಡುವ ಕೆಲಸವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ, ಮತ್ತು ಈ ಒಂದು ಸಂಗತಿ ಮುಂದೆ 1854ರ ಪ್ರಕರಣಕ್ಕೆ ಕೀಲಿಕೈಯಾಗುತ್ತದೆ.

ಎರಡನೆಯ ಅಲಿ ಆದಿಲ್ ಶಾಹನ ಆಳ್ವಿಕೆಯಲ್ಲಿ (1656–1672) ಕಟ್ಟಿದ ಶೇರ್ಜಾ ಬುರುಜು ತೋಪಿನ ನೆಲೆಯಾಯಿತು. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದಾಗ ಅದೇ ತೋಪಿನ ಮೇಲೆ ತನ್ನ ವಿಜಯದ ಶಾಸನವನ್ನೂ, ಹಿಜರಿ 1097 ಎಂಬ ವರ್ಷವನ್ನೂ ಕೆತ್ತಿಸಿದನು. ಅಹಮದನಗರದ ಸುಲ್ತಾನನ ಹೆಸರನ್ನು ಅಳಿಸದೆ ಪಕ್ಕದಲ್ಲಿಯೇ ದಿಲ್ಲಿಯ ಬಾದಶಹನ ಹೆಸರು ನಿಂತಿದೆ. ಗೆದ್ದವರು ಈ ತೋಪನ್ನು ಒಡೆದು ಲೋಹ ಮಾಡಿಕೊಳ್ಳಲಿಲ್ಲ. ಅದನ್ನು ತಮ್ಮದೆಂದು ಬರೆಸಿಕೊಳ್ಳುವುದರಲ್ಲೇ ಅವರಿಗೆ ಹೆಚ್ಚಿನ ಗೌರವವಿತ್ತು.

ಒಡೆಯರು ಬದಲಾದ ಮೇಲೆ

ಆದಿಲ್‌ಶಾಹಿ ಅಳಿದ ಬಳಿಕ ಬಿಜಾಪುರವು ಮೊಗಲರಿಂದ ನಿಜಾಮನಿಗೆ, 1760ರಲ್ಲಿ ಮರಾಠರಿಗೆ ಹೋಯಿತು. 1818ರಲ್ಲಿ ಪೇಶ್ವೆಯ ಪತನವಾದಾಗ ಇಂಗ್ಲಿಷರು ಈ ಪ್ರದೇಶವನ್ನು ಸಾತಾರಾದ ಛತ್ರಪತಿಯ ಸಂಸ್ಥಾನಕ್ಕೆ ಸೇರಿಸಿದರು. 1848ರಲ್ಲಿ ಸಾತಾರಾದ ರಾಜನು ಔರಸ ಪುತ್ರನಿಲ್ಲದೆ ತೀರಿಕೊಂಡಾಗ, ದತ್ತಕವನ್ನು ಒಪ್ಪದೆ ಡಾಲ್‌ಹೌಸಿಯ ಸರಕಾರವು ಸಂಸ್ಥಾನವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಹೀಗಾಗಿ 1854ರಲ್ಲಿ ಬಿಜಾಪುರದ ಮೇಲಧಿಕಾರಿ ಕುಳಿತಿದ್ದದ್ದು ಸಹ್ಯಾದ್ರಿಯ ಬುಡದ ಸಾತಾರಾದಲ್ಲಿ.

ಹೊಸದಾಗಿ ವಶಕ್ಕೆ ಬಂದ ಸಂಸ್ಥಾನದಲ್ಲಿ ಆಡಳಿತ ಮೊದಲು ಕೈಗೆತ್ತಿಕೊಳ್ಳುವ ಕೆಲಸಗಳಲ್ಲಿ ಹಳೆಯ ದಾಸ್ತಾನಿನ ವಿಲೇವಾರಿಯೂ ಒಂದು. ಇಂದಿಗೂ ನಮ್ಮ ಜಿಲ್ಲೆಯ ಯಾವುದೇ ಸರಕಾರಿ ಕಚೇರಿಯಲ್ಲಿ ಡೆಡ್ ಸ್ಟಾಕ್ ರಜಿಸ್ಟರ್ ಎಂಬ ದಪ್ಪ ಪುಸ್ತಕವಿರುತ್ತದೆ. ಕಾಲು ಮುರಿದ ಕುರ್ಚಿ, ತುಕ್ಕು ಹಿಡಿದ ಕಪಾಟು, ನಿಂತುಹೋದ ಜೀಪು ಇವೆಲ್ಲ ಅದರಲ್ಲಿ ದಾಖಲಾಗಿ, ನಿರುಪಯುಕ್ತವೆಂದು ಷರಾ ಬರೆಸಿಕೊಂಡು, ಒಂದು ದಿನ ಬಹಿರಂಗ ಹರಾಜಿಗೆ ಬರುತ್ತವೆ. 1854ರ ಆದೇಶವೂ ಇಂಥದೇ. ಆದಿಲ್‌ಶಾಹಿಯ ಮೇಲಿನ ಹಗೆಯಿಂದಾಗಲಿ, ಜನರ ಮನಸ್ಸನ್ನು ನೋಯಿಸಬೇಕೆಂದಾಗಲಿ ಅದನ್ನು ಬರೆದದ್ದಲ್ಲ. ದೂರದಲ್ಲಿ ಕುಳಿತ ಅಧಿಕಾರಿಗೆ ಬಿಜಾಪುರದ ಬುರುಜುಗಳ ಮೇಲಿನ ತೋಪುಗಳು ಸೈನ್ಯದ ಉಪಯೋಗಕ್ಕೆ ಬಾರದ ಹಳೆಯ ಲೋಹವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ನನಗೆ ಕಳವಳವಾಗುವುದು ಇದೇ ಕಾರಣಕ್ಕೆ. ದುರುದ್ದೇಶವಿದ್ದಲ್ಲಿ ವಿರೋಧಿಸುವವರು ಹುಟ್ಟಿಕೊಳ್ಳುತ್ತಾರೆ. ಸಾಮಾನ್ಯ ಸುತ್ತೋಲೆಯೊಂದನ್ನು ವಿರೋಧಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಇದೇ ಸರಕಾರ ಮೂರು ದಶಕಗಳ ಹಿಂದೆ ಇದೇ ತೋಪನ್ನು ಬೇರೆಯೇ ಕಣ್ಣಿನಿಂದ ನೋಡಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. 1823ರಲ್ಲಿ ಮುಂಬಯಿ ಸರಕಾರವು ಬಿಜಾಪುರದ ದೊಡ್ಡ ತೋಪುಗಳನ್ನು ಇಂಗ್ಲೆಂಡಿನ ದೊರೆಗೆ ಕಾಣಿಕೆಯಾಗಿ ಕಳುಹಿಸಲು ಬಯಸಿ, ಅವನ್ನು ಪರೀಕ್ಷಿಸಿ ಸಮುದ್ರತೀರಕ್ಕೆ ಸಾಗಿಸುವ ಉಪಾಯ ಹೇಳಲು ಒಬ್ಬ ಎಂಜಿನಿಯರನನ್ನು ಕಳುಹಿಸಿತ್ತು. ಅಂದಿನ ರಸ್ತೆಗಳ ಸ್ಥಿತಿಯಲ್ಲಿ ಮುಲ್ಕ ಮೈದಾನವನ್ನು ಸಾಗಿಸುವುದು ಆಗದ ಕೆಲಸವೆಂದು ಕಂಡು ಆ ಆಲೋಚನೆ ನಿಂತುಹೋಯಿತು. ದೊರೆಗೆ ಕೊಡಲು ತಕ್ಕುದೆಂದು 1823ರಲ್ಲಿ ಅನ್ನಿಸಿದ ವಸ್ತು 1854ರಲ್ಲಿ ನಿರುಪಯುಕ್ತ ಸಾಮಾನಿನ ಯಾದಿಗೆ ಸೇರಿತು. ನಡುವೆ ತೋಪು ಕಿಂಚಿತ್ತೂ ಬದಲಾಗಿರಲಿಲ್ಲ.

150 ರೂಪಾಯಿ ಏಕೆ?

ತೋಪಿನ ಅಳತೆಗಳನ್ನು ಹಿಡಿದು ಈ ಬೆಲೆಯನ್ನು ಪರೀಕ್ಷಿಸುವುದು ಸಾಧ್ಯವಿದೆ. ಅದರ ಉದ್ದ ಸುಮಾರು 4.4 ಮೀಟರ್, ಹೊರವ್ಯಾಸ ಸುಮಾರು 1.5 ಮೀಟರ್, ನಳಿಕೆಯ ಒಳವ್ಯಾಸ ಸುಮಾರು 0.7 ಮೀಟರ್. ಇಡೀ ತೋಪನ್ನು ಘನ ಸ್ತಂಭವೆಂದು ಭಾವಿಸಿದರೆ ಗಾತ್ರ ಏಳೂಮುಕ್ಕಾಲು ಘನಮೀಟರಿನಷ್ಟಾಗುತ್ತದೆ. ನಳಿಕೆಯ ಟೊಳ್ಳನ್ನು ಕಳೆದರೆ ಆರು ಘನಮೀಟರಿಗಿಂತ ತುಸು ಹೆಚ್ಚು ಲೋಹ ಉಳಿಯುತ್ತದೆ. ಕಂಚಿನ ಸಾಂದ್ರತೆ ಘನಮೀಟರಿಗೆ ಹೆಚ್ಚುಕಡಿಮೆ 8.7 ಟನ್ ಇರುವುದರಿಂದ, ತೋಪಿನ ತೂಕ 55 ಟನ್ ಎಂದು ಸಾಮಾನ್ಯವಾಗಿ ಹೇಳುವ ಲೆಕ್ಕ ಉತ್ಪ್ರೇಕ್ಷೆಯದಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಲೋಹವನ್ನು ಪರೀಕ್ಷಿಸಿದವರು ಅದರಲ್ಲಿ ಐದರಲ್ಲಿ ನಾಲ್ಕು ಪಾಲು ತಾಮ್ರ, ಉಳಿದ ಒಂದು ಪಾಲು ತವರ ಇದೆಯೆಂದು ಕಂಡುಕೊಂಡರು. ಹಾಗಾದರೆ ಬುರುಜಿನ ಮೇಲೆ ಸುಮಾರು 44 ಟನ್ ತಾಮ್ರವೂ 11 ಟನ್ ತವರವೂ ಇದ್ದವು, ಮತ್ತು ಸವಾಲು ಕೂಗಿದವನು ಅದಕ್ಕೆ ಟನ್ನಿಗೆ ಮೂರು ರೂಪಾಯಿಯನ್ನೂ ಕೊಡಲು ಒಪ್ಪಿರಲಿಲ್ಲ.

ಇಷ್ಟೊಂದು ತಾಮ್ರ ಕಣ್ಣೆದುರು ಇರುವಾಗ ವ್ಯಾಪಾರಿಗಳು ಹಿಂದೆ ಸರಿದದ್ದು ಅಜ್ಞಾನದಿಂದಲ್ಲ. ಬಿಜಾಪುರದ ತಾಂಬಟಗಾರರಿಗೂ ಕಂಚುಗಾರರಿಗೂ ತಾಮ್ರದ ಬೆಲೆ ಚೆನ್ನಾಗಿ ಗೊತ್ತಿರಲೇಬೇಕು. ಅವರ ಲೆಕ್ಕ ಬೇರೆಯಾಗಿತ್ತು ಎಂದು ನಾನು ಊಹಿಸುತ್ತೇನೆ. ಕೊಂಡವನು ತೋಪನ್ನು ಎತ್ತರದ ಬುರುಜಿನಿಂದ ಕೆಳಗಿಳಿಸಬೇಕು, ಇಲ್ಲವೆ ಅಲ್ಲಿಯೇ ಒಡೆಯಬೇಕು. ಇಳಿಸಲು ಆದಿಲ್‌ಶಾಹಿಯ ಆನೆಗಳು ಈಗ ಇರಲಿಲ್ಲ. ಒಡೆಯುವುದೆಂದರೆ, ನಳಿಕೆಯ ಗೋಡೆ ಸುತ್ತಲೂ ಒಂದು ಮೊಳಕ್ಕೆ ಸಮೀಪದಷ್ಟು, ಅಂದರೆ 40 ಸೆಂಟಿಮೀಟರ್ ದಪ್ಪ. ಗಂಟೆಗೆ ಬಳಸುವಂಥ ಈ ಕಂಚು ಗರಗಸಕ್ಕೂ ಉಳಿಗೂ ಜಗ್ಗುವ ಲೋಹವಲ್ಲ. ಸುತ್ತ ಬೆಂಕಿ ಒಟ್ಟಿ ಕಾಯಿಸಿ ಬಡಿದು ಒಡೆಯಬೇಕೆಂದರೆ ಗಾಡಿಗಟ್ಟಲೆ ಸೌದೆ ಬೇಕು, ಮತ್ತು ಬಿಜಾಪುರದ ಸುತ್ತಿನ ಬಯಲು ಸೌದೆಗೆ ಹೆಸರಾದ ನಾಡಲ್ಲ. ಒಡೆದ ತುಂಡುಗಳನ್ನು ದೊಡ್ಡ ಪೇಟೆಗೆ ಸಾಗಿಸಲು ಎತ್ತಿನ ಗಾಡಿಯೊಂದೇ ಗತಿ. ದೇಶದ ಮೊದಲ ರೈಲು ಮುಂಬಯಿಯಿಂದ ಠಾಣೆಗೆ ಓಡಿ ಆಗಿನ್ನೂ ಒಂದೇ ವರ್ಷವಾಗಿತ್ತು. ಈ ಖರ್ಚನ್ನೆಲ್ಲ ಕಳೆದ ಮೇಲೆ ಸವಾಲುದಾರನ ಕೈಯಲ್ಲಿ ಉಳಿಯುವ ಆಸೆಯ ಬೆಲೆಯೇ ಆ 150 ರೂಪಾಯಿ.

ಬಿಜಾಪುರದ ಉಳಿದ ದೊಡ್ಡ ತೋಪುಗಳೊಡನೆ ಹೋಲಿಸಿದರೆ ಅಪಾಯದ ಸ್ವರೂಪ ಇನ್ನೂ ತಿಳಿಯಾಗುತ್ತದೆ. ಉಪಲಿ ಬುರುಜಿನ ಮೇಲಿನ ಮೂವತ್ತು ಅಡಿ ಮೀರಿದ ಉದ್ದದ ತೋಪಾಗಲಿ, ದಕ್ಷಿಣದ ಲಂಡಾ ಕಸಾಬ್ ಬುರುಜಿನ ತೋಪಾಗಲಿ ಎರಕದವಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾಯಿಸಿದ ಬಳೆಗಳನ್ನು ತೊಡಿಸಿ ಬಿಗಿದು ಮಾಡಿದವು. ಹಳೆಯ ಕಬ್ಬಿಣಕ್ಕೆ ಯಾರೂ ಅಷ್ಟು ಶ್ರಮಪಡಲಾರರು. ಬೆಲೆಬಾಳುವ ಲೋಹದ್ದೆಂಬ ಕಾರಣಕ್ಕೆ ಅಳಿವಿನ ಭೀತಿ ಹೆಚ್ಚಾಗಿದ್ದದ್ದು ಮುಲ್ಕ ಮೈದಾನಕ್ಕೇ. ಅದನ್ನು 1823ರಲ್ಲಿ ಕಡಲು ದಾಟದಂತೆ ತಡೆದದ್ದೂ, 1854ರಲ್ಲಿ ಸವಾಲನ್ನು ನಗಣ್ಯ ಮೊತ್ತಕ್ಕೆ ಇಳಿಸಿ ಅಧಿಕಾರಿಯ ಹುಬ್ಬೇರುವಂತೆ ಮಾಡಿದ್ದೂ ಅದರ ಭಾರವೇ. ಯಾರಾದರೂ ಐದು ಸಾವಿರ ರೂಪಾಯಿಗೆ ಕೂಗಿದ್ದರೆ ಖಜಾನೆಗೆ ಬಂದ ಒಳ್ಳೆಯ ಮೊತ್ತವೆಂದು ಕಡತ ಮುಗಿದುಹೋಗುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಾಮಲೇದಾರರ ವರದಿ

ಆದರೂ ಭಾರವೊಂದೇ ತೋಪನ್ನು ಉಳಿಸಿತೆಂದರೆ ತಪ್ಪಾಗುತ್ತದೆ. ಕಡಿಮೆ ಸವಾಲು ಬಂದಾಗ ಖಾಯಂ ಮಾಡುವ ಮೊದಲು ಮೇಲಕ್ಕೆ ವರದಿ ಮಾಡುವುದು ಹರಾಜಿನ ಪದ್ಧತಿಯಲ್ಲಿ ಇರುವ ಒಂದು ಹೆಜ್ಜೆ. ಮಾಮಲೇದಾರರು ಆ ಹೆಜ್ಜೆಯನ್ನು ಬಳಸಿದರು. ಅವರು ಬರೆದ ಎರಡು ಕಾರಣಗಳಲ್ಲಿ ಮೊದಲನೆಯದು, ಅಂದರೆ ಮೊತ್ತ ಅಲ್ಪವೆಂಬುದು, ಯಾವ ಜಾಗರೂಕ ಗುಮಾಸ್ತನೂ ಬರೆಯಬಹುದಾದದ್ದು. ಅದರಿಂದ ಆಗುವ ಫಲವೆಂದರೆ ಹೆಚ್ಚಿನ ಸವಾಲಿಗಾಗಿ ಇನ್ನೊಮ್ಮೆ ಲಿಲಾವು ಮಾಡಿಸುವುದು. ಎರಡನೆಯದು ಬೇರೆ ಜಾತಿಯದು. ಜನ ಇದನ್ನು ಭಕ್ತಿಯಿಂದ ಕಾಣುತ್ತಾರೆಂಬ ಮಾತಿಗೆ ಮರುಹರಾಜು ಪರಿಹಾರವಾಗಲಾರದು. ಬೆಲೆ ಎಷ್ಟೇ ಬಂದರೂ ಆ ಕಾರಣ ಹಾಗೆಯೇ ಉಳಿಯುತ್ತದೆ. ಈ ಒಂದು ವಾಕ್ಯದಿಂದ ವಿಷಯವು ಖಜಾನೆಯ ಲೆಕ್ಕದಿಂದ ಹೊರಗೆ ಬಂದಿತು, ಮತ್ತು ಮೇಲಧಿಕಾರಿಯು ಮರುಹರಾಜಿಗೆ ಹೇಳದೆ ಮಾರಾಟವನ್ನೇ ಕೈಬಿಟ್ಟದ್ದಕ್ಕೆ ಅದೇ ಕಾರಣವಿರಬೇಕೆಂದು ನಾನು ತಿಳಿಯುತ್ತೇನೆ.

ಈ ಭಕ್ತಿ ಎಂಥದೆಂಬುದನ್ನು ಇಲ್ಲಿಯ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ತೋಪಿಗೆ ಎಣ್ಣೆ ಸವರಿ, ಕುಂಕುಮ ಹಚ್ಚಿ, ಹೂವೇರಿಸುತ್ತಿದ್ದರು. ಇಂದಿಗೂ ಮನಸ್ಸಿನಲ್ಲಿ ಒಂದು ಬಯಕೆ ಇಟ್ಟುಕೊಂಡು ತೋಪನ್ನು ಮುಟ್ಟಿದರೆ ಅದು ಈಡೇರುತ್ತದೆಂದು ನಂಬುವವರಿದ್ದಾರೆ. ಹತ್ತಿರ ನಿಂತು ನೋಡಿದರೆ ಆ ಭಾವನೆ ಹುಟ್ಟಿದ್ದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ತೋಪಿನ ಬಾಯಿ ಒಂದು ಸಿಂಹದ ತಲೆ. ತೆರೆದ ದವಡೆಯ ಎರಡು ಬದಿಗಳಲ್ಲಿ, ಕೋರೆಹಲ್ಲುಗಳ ನಡುವೆ ಸಿಕ್ಕಿಕೊಂಡ ಪುಟ್ಟ ಆನೆಗಳು. ಮೈ ಕರಿಹಸಿರು ಬಣ್ಣಕ್ಕೆ ತಿರುಗಿ, ಕೈಯಾಡಿಸಿದಲ್ಲಿ ನುಣುಪಾಗಿದೆ. ವೈಶಾಖದ ಬಿಸಿಲಿನಲ್ಲಿ ಬುರುಜಿನ ಕಲ್ಲು ಕಾಲು ಸುಡುವಾಗಲೂ ಲೋಹ ತಂಪಾಗಿರುತ್ತದೆಂದು ಹೇಳುತ್ತಾರೆ; ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊರಡುತ್ತದೆ. ಕೊಲ್ಲುವುದಕ್ಕಾಗಿ ಮಾಡಿದ ಯಂತ್ರವೊಂದನ್ನು, ಅದರಿಂದ ಗುಂಡು ಹಾರುವುದು ನಿಂತ ಮೇಲೆ, ಊರಿನವರು ತಮ್ಮ ದೈವಗಳ ಸಾಲಿಗೆ ಸೇರಿಸಿಕೊಂಡರು. ತುರ್ಕಿ ಎರಕಗಾರ, ಅಹಮದನಗರದ ಸುಲ್ತಾನ, ಆದಿಲ್‌ಶಾಹಿಯ ಬ್ರಾಹ್ಮಣ ಮಂತ್ರಿ, ಮೊಗಲ ಬಾದಶಹ, ಇವರಲ್ಲಿ ಯಾರ ಹೆಸರೂ ಆ ಪೂಜೆಗೆ ಅಡ್ಡಬರಲಿಲ್ಲ ಎಂಬುದು ನನಗೆ ಈ ಊರಿನ ಬಗ್ಗೆ ಅತ್ಯಂತ ಅಭಿಮಾನದ ಸಂಗತಿ.

ಈ ಭಕ್ತಿ ಇಲ್ಲದಿದ್ದರೆ ಮಾಮಲೇದಾರರಿಗೆ ಬರೆಯಲು ಎರಡನೆಯ ಕಾರಣವೇ ಇರುತ್ತಿರಲಿಲ್ಲ. ಏಕೆಂದರೆ ಅಂದು ಅವರು ಆಧಾರವಾಗಿ ಉಲ್ಲೇಖಿಸಬಹುದಾದ ಕಾಯಿದೆ ಯಾವುದೂ ಇರಲಿಲ್ಲ. ಪುರಾತತ್ವ ಸರ್ವೇಕ್ಷಣ ಇಲಾಖೆ ಆರಂಭವಾದದ್ದು 1861ರಲ್ಲಿ. ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯಿದೆ ಬಂದದ್ದು 1904ರಲ್ಲಿ, ಅಂದರೆ ಈ ಹರಾಜಿನ ಐವತ್ತು ವರ್ಷಗಳ ಅನಂತರ. ಬಿಜಾಪುರದ ಕಟ್ಟಡಗಳ ಶಿಲ್ಪವನ್ನು ಮೆಚ್ಚುವ ಇಂಗ್ಲಿಷ್ ಅಧಿಕಾರಿಗಳು ಆ ಕಾಲದಲ್ಲಿಯೂ ಇದ್ದರು. ಕ್ಯಾಪ್ಟನ್ ಹಾರ್ಟ್ ಮತ್ತು ಅವರೊಡನೆ ದುಡಿದ ದೇಶೀ ನಕ್ಷೆಗಾರರು ಸಿದ್ಧಪಡಿಸಿದ ಬಿಜಾಪುರದ ಅಳತೆಯ ನಕ್ಷೆಗಳು 1859ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಒಂದೇ ಸರಕಾರದ ಒಂದು ಕೈ ಈ ನಗರವನ್ನು ಚಿತ್ರಿಸುತ್ತಿದ್ದ ದಶಕದಲ್ಲಿಯೇ ಇನ್ನೊಂದು ಕೈ ಅದರ ತೋಪಿಗೆ ಸವಾಲು ಕೂಗಿಸುತ್ತಿತ್ತು. ವಿದ್ವಾಂಸರ ಮೆಚ್ಚುಗೆ ಕಚೇರಿಯ ಆದೇಶವನ್ನು ತಡೆಯಲಿಲ್ಲ. ತಾಲೂಕು ಮಟ್ಟದ ಒಬ್ಬ ಅಧಿಕಾರಿ ಊರ ಜನರ ನಡೆಯನ್ನು ಬಲ್ಲವನಾಗಿದ್ದದ್ದು ತಡೆಯಿತು.

ಅಸಿಸ್ಟೆಂಟ್ ಕಮಿಷನರರ ಪಾತ್ರವನ್ನೂ ಕಡೆಗಣಿಸಬಾರದು. ಮೇಲಿನಿಂದ ಬಂದ ಸ್ಪಷ್ಟ ಆದೇಶವಿದ್ದಾಗ, ಕೆಳಗಿನಿಂದ ಬಂದ ವರದಿಯನ್ನು ಒಪ್ಪಿ ಮಾರಾಟ ನಿಲ್ಲಿಸುವುದು ಸುಲಭದ ಕೆಲಸವಲ್ಲ. ಆದರೆ ಇಬ್ಬರ ಕೆಲಸವನ್ನು ತೂಗಿ ನೋಡಿದರೆ, ಹೆಚ್ಚಿನ ಶ್ರೇಯಸ್ಸು ಮಾಮಲೇದಾರರದೇ. ಸವಾಲು ಮುಗಿದು, ಹಣ ಕಟ್ಟಿಸಿಕೊಂಡು, ರಸೀತಿ ಕೊಟ್ಟಿದ್ದರೆ ಮೇಲಿನವರಿಗೆ ನಿರ್ಣಯಿಸಲು ಏನೂ ಉಳಿಯುತ್ತಿರಲಿಲ್ಲ.

ರೈಲು ಬಂದ ಮೇಲೆ

ಪ್ರಕರಣ 1854ರಲ್ಲಿ ಮುಗಿದರೂ ಅಪಾಯ ಮುಗಿದಿರಲಿಲ್ಲ ಎಂಬುದನ್ನು ಗಮನಿಸಬೇಕು. ಮಾರಾಟ ರದ್ದಾಯಿತೇ ಹೊರತು ಮುಂದೆ ಎಂದೂ ಮಾರಬಾರದೆಂಬ ನಿಯಮ ಹುಟ್ಟಲಿಲ್ಲ. 1864ರಲ್ಲಿ ಈ ಪ್ರದೇಶ ಕಲಾದಗಿ ಜಿಲ್ಲೆಗೆ ಸೇರಿತು. ಹೋಟಗಿಯಿಂದ ಗದಗಿಗೆ ಹೋಗುವ ರೈಲುಮಾರ್ಗ 1884ರ ಹೊತ್ತಿಗೆ ಬಿಜಾಪುರವನ್ನು ಮುಟ್ಟಿತು, ಮರುವರ್ಷ ಜಿಲ್ಲೆಯ ಮುಖ್ಯ ಕಚೇರಿಗಳು ಕಲಾದಗಿಯಿಂದ ಬಿಜಾಪುರಕ್ಕೆ ಬಂದವು, ಮತ್ತು ಆದಿಲ್‌ಶಾಹಿಯ ಮಹಲುಗಳನ್ನೂ ಮಸೀದಿಗಳನ್ನೂ ದುರಸ್ತಿ ಮಾಡಿ ಕಚೇರಿ, ಬಂಗಲೆಗಳನ್ನಾಗಿ ಬಳಸತೊಡಗಿದರು. 1823ರ ಎಂಜಿನಿಯರನನ್ನೂ 1854ರ ಸವಾಲುದಾರನನ್ನೂ ಸೋಲಿಸಿದ್ದ ಸಾಗಾಟದ ಕಷ್ಟ ಈಗ ಬಹುಮಟ್ಟಿಗೆ ನೀಗಿತ್ತು. ಒಡೆದ ಕಂಚನ್ನು ವ್ಯಾಗನ್ನಿಗೆ ಏರಿಸಿದರೆ ಮುಂಬಯಿ ದೂರವಿರಲಿಲ್ಲ. ಕಾಯಿದೆಯ ರಕ್ಷಣೆ ಮಾತ್ರ ಇನ್ನೂ ಬಂದಿರಲಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ತೋಪಿಗೆ ಅತ್ಯಂತ ಕಂಟಕದ ಅವಧಿ 1884ರಿಂದ 1904ರವರೆಗಿನ ಇಪ್ಪತ್ತು ವರ್ಷಗಳು. ಆ ಅವಧಿಯಲ್ಲಿ ಇನ್ನೊಂದು ಲಿಲಾವು ಕೂಗದೆ ಹೋದದ್ದಕ್ಕೆ, ಹಿಂದೊಮ್ಮೆ ರದ್ದಾದ ಹರಾಜಿನ ನೆನಪು ಸರಕಾರಿ ದಾಖಲೆಯಲ್ಲಿ ಉಳಿದಿದ್ದದ್ದೂ ಒಂದು ಕಾರಣವಾಗಿದ್ದೀತು.

1900ರಲ್ಲಿ ವೈಸರಾಯ್ ಕರ್ಜನ್ ಬಿಜಾಪುರಕ್ಕೆ ಬಂದು, ಇಲ್ಲಿಯ ಹಳೆಯ ಕಟ್ಟಡವೊಂದರಲ್ಲಿ ನಡೆಯುತ್ತಿದ್ದ ಡಾಕ್ ಬಂಗಲೆಯನ್ನು ತೆರವುಗೊಳಿಸಿದರು. ನಾಲ್ಕು ವರ್ಷಗಳ ಬಳಿಕ ಅವರ ಆಡಳಿತದಲ್ಲಿಯೇ ಸ್ಮಾರಕ ರಕ್ಷಣೆಯ ಕಾಯಿದೆ ಜಾರಿಗೆ ಬಂದಿತು. ಸ್ವತಂತ್ರ ಭಾರತದಲ್ಲಿ 1958ರ ಕಾಯಿದೆ ಅದರ ಸ್ಥಾನದಲ್ಲಿ ನಿಂತಿತು. ಮುಲ್ಕ ಮೈದಾನ ತೋಪು ಇಂದು ಈ ಕಾಯಿದೆಯ ಆಶ್ರಯದಲ್ಲಿ, 1854ರಲ್ಲಿ ಸವಾಲಿಗೆ ಬಂದಾಗ ಯಾವ ಬುರುಜಿನ ಮೇಲಿತ್ತೋ ಅದೇ ಬುರುಜಿನ ಮೇಲಿದೆ.